ಟಗರಿನ ಜೊತೆ ಬಂದ ಮಣಿಚಕ್ರ

ನಾನು ಒಂದು ಮಣಿಚಕ್ರ. ಟಿಬೆಟನ್ ಅಜ್ಜಿಯರು ಬಾಯಲ್ಲಿ ಏನೋ ಗೊಣಗುತ್ತ, ಕೈಯಲ್ಲಿ ಒಂದು ತಾಮ್ರದ ಡಬ್ಬಿಯನ್ನು ಹಿಡಿಯ ಮೇಲೆ ತಿರುಗಿಸುತ್ತ ಹೋಗುವುದನ್ನು ನೀವು ನೋಡಿರುತ್ತೀರಿ. ಅದೇ ನಾನು. ಮಕ್ಕಳ ಗಿಲಕಿ ಎಂದುಕೊಂಡಿದ್ದರೆ ದಯವಿಟ್ಟು ತಿದ್ದಿಕೊಳ್ಳಿ. ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಹಾಗೆಂದು ಹಲ್ಲು ಕಿಸಿದ್ದು ನನಗಿನ್ನೂ ಮರೆತಿಲ್ಲ. ನನ್ನ ಹೊಟ್ಟೆಯೊಳಗೆ ಮಂತ್ರವಿದೆ. ಲೋಕದಲ್ಲಿ ನೋವು ತಿನ್ನುತ್ತಿರುವ ಸಕಲ ಜೀವಿಗಳಿಗೂ ಒಳಿತಾಗಲಿ ಎನ್ನುವ ಮಂತ್ರ. ಅಷ್ಟೊಂದು ಕರುಣೆಯನ್ನು ಒಳಗಿಟ್ಟುಕೊಂಡು ನಾನು ಆಯುಷ್ಯವೆಲ್ಲ ಒಂದು ಟಗರಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಈಗಲೂ ಪಡುತ್ತೇನೆ. ಪೂರ್ತಿ ಕೇಳಿ, ಆಮೇಲೆ ತಪ್ಪು ಯಾರದೆಂದು ನೀವೇ ಹೇಳಿ.

ಕೊಳ್ಳೇಗಾಲದಿಂದ ಬೆಟ್ಟದ ದಾರಿ ಹಿಡಿದು ಹೋದರೆ ಮುಸುಕಿನ ಜೋಳದ ಹೊಲಗಳ ನಡುವೆ ಟಿಬೆಟನ್ನರ ಕ್ಯಾಂಪು ಸಿಗುತ್ತದೆ. ತಮ್ಮ ದೇಶ ಬಿಟ್ಟು ಬಂದವರಿಗೆ ಸರ್ಕಾರ ಕೊಟ್ಟ ನೆಲ. ಅಲ್ಲಿ ಧೊಂಡುಪ್ ಎಂಬ ತಾಮ್ರದ ಕೆಲಸಗಾರನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಹುಟ್ಟಿದೆ ಎನ್ನುವುದಕ್ಕಿಂತ ಏಟು ತಿಂದೆ ಎನ್ನಬೇಕು. ತಗಡಿನ ಮೇಲೆ ಅಕ್ಷರಗಳು ಉಬ್ಬಿ ಕಾಣಲೆಂದು ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದ, ಬಡಿದ, ಬಡಿಯುತ್ತಲೇ ಇದ್ದ. ನಡುವೆ ಒಂದು ಇರುವೆ ನನ್ನ ಮೇಲೆ ಹತ್ತಿತು. ಧೊಂಡುಪ್ ತಕ್ಷಣ ಸುತ್ತಿಗೆ ನಿಲ್ಲಿಸಿದ. “ಞಿಂಗ್‌ಜೆ” ಎಂದ. ಅವರ ಭಾಷೆಯಲ್ಲಿ ಕರುಣೆಗೂ ಅದೇ ಮಾತು, ‘ಅಯ್ಯೋ ಪಾಪ’ ಎನ್ನುವುದಕ್ಕೂ ಅದೇ ಮಾತು. ಇರುವೆಯನ್ನು ಒಂದು ಹುಲ್ಲುಕಡ್ಡಿಯ ಮೇಲೆ ಹತ್ತಿಸಿಕೊಂಡು ಹೋಗಿ ಬಾಗಿಲಾಚೆ ಬಿಟ್ಟು ಬಂದ. ಬಂದವನು ಮತ್ತೆ ನನ್ನ ಬೆನ್ನಿಗೇ ಬಡಿದ. ನನ್ನ ಹಣೆಬರಹ ನನಗೆ ಆಗಲೇ ಅರ್ಥವಾಗಬೇಕಿತ್ತು.

ತಗಡನ್ನು ಸುತ್ತಿ ಡಬ್ಬಿ ಮಾಡಿದ ಮೇಲೆ ಒಳಗೆ ಕಾಗದದ ಸುರುಳಿ ಇಟ್ಟರು. ತೆಳ್ಳನೆಯ ಕಾಗದ, ಅದರ ತುಂಬ ಒಂದೇ ಮಂತ್ರ, ಸಾಲಿನ ಮೇಲೆ ಸಾಲು: ಓಂ ಮಣಿ ಪದ್ಮೇ ಹೂಂ. ಟಿಬೆಟನ್ನರ ಬಾಯಲ್ಲಿ ಅದು ಓಂ ಮಣಿ ಪೇಮೆ ಹುಂ ಆಗುತ್ತದೆ. ನಾನು ಒಂದು ಸುತ್ತು ತಿರುಗಿದರೆ ಒಳಗಿರುವ ಮಂತ್ರವನ್ನೆಲ್ಲ ಒಂದು ಸಲ ಓದಿದ ಹಾಗೆ. ನಡುವೆ ಕಬ್ಬಿಣದ ಕಡ್ಡಿ, ಕೆಳಗೆ ಮರದ ಹಿಡಿ ಬಂತು, ಸರಾಗವಾಗಿ ತಿರುಗಲೆಂದು ಪಕ್ಕಕ್ಕೆ ಒಂದು ಸರಪಳಿ, ಸರಪಳಿಯ ತುದಿಗೆ ಒಂದು ಗುಂಡು ಬಂತು. ಬಲಗೈಯಲ್ಲಿ ಹಿಡಿಯಬೇಕು, ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ಇದು ನನ್ನ ಜಾತಿಯ ನಿಯಮ.

ನನ್ನನ್ನು ಮಾಡಿಸಿದವಳು ಯುದ್ರೋನ್. ಕ್ಯಾಂಪಿನಲ್ಲಿ ಎಲ್ಲರೂ ಅವಳನ್ನು ಅಮಲಾ ಎನ್ನುತ್ತಿದ್ದರು, ನಾವು ಅಮ್ಮನವರೇ ಎನ್ನುವ ಹಾಗೆ. ಆಗ ಅವಳ ಜಡೆ ಇನ್ನೂ ಕಪ್ಪಗಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ನನಗೇನೋ ಅದು ಅನುಕೂಲವೇ ಆಯಿತು. ಅವಳ ಬಲಗೈ ಪೂರ್ತಿ ನನ್ನದಾಯಿತು. ಬೆಳಿಗ್ಗೆ ಗೊಂಪಾಕ್ಕೆ, ಅಂದರೆ ಅವರ ದೇವಾಲಯಕ್ಕೆ, ಸುತ್ತು ಬರುವಾಗ ನಾನಿದ್ದೆ. ಚಹಾ ಕಾಯುವಾಗ ನಾನಿದ್ದೆ. ಬಿಸಿಲಲ್ಲಿ ಗೋಡೆಗೊರಗಿ ಕೂತು ಪಕ್ಕದ ಮನೆಯವರ ವಿಷಯ ಆಡಿಕೊಳ್ಳುವಾಗಲೂ ನಾನು ತಿರುಗುತ್ತಲೇ ಇದ್ದೆ.

ಚಳಿಗಾಲದಲ್ಲಿ ನಾವು ದಾವಣಗೆರೆಗೆ ಹೋಗುತ್ತಿದ್ದೆವು. ಫುಟ್‌ಪಾತಿನ ಮೇಲೆ ಸ್ವೆಟರ್ ವ್ಯಾಪಾರ. ನನ್ನ ಬಾಳಿನ ಚಿನ್ನದಂಥ ದಿನಗಳು ಅವು. ಎಡಗೈಯಲ್ಲಿ ಸ್ವೆಟರ್, ಬಲಗೈಯಲ್ಲಿ ನಾನು.

“ಏನ್ ಬೇ ಯಮ್ಮಾ, ಈ ನಮೂನಿ ರೇಟ್ ಹೇಳ್ತಿ? ಒಂದ್ ಸಲ ಒಗದ್ರ ಬಣ್ಣ ಹೊಕ್ಕತಿ ಇದು” ಎನ್ನುತ್ತಿದ್ದರು ಗಿರಾಕಿಗಳು.

“ಹೋಗಲ್ಲ. ಓಂ ಮಣಿ ಪೇಮೆ ಹುಂ. ಗ್ಯಾರಂಟಿ. ಓಂ ಮಣಿ ಪೇಮೆ ಹುಂ. ಆ ಕಲರ್ ಬೇಡ, ಈ ಕಲರ್ ತಗೋ.”

ಅವಳ ಕನ್ನಡ ಅಲ್ಲಿಯೇ ಕಲಿತದ್ದು. ಜಗಳವಾಡಿ ಬೆಲೆ ಇಳಿಸಿಕೊಂಡು ಹೋದವನ ಬೆನ್ನು ನೋಡಿ ಕೂಡ “ಞಿಂಗ್‌ಜೆ” ಎನ್ನುತ್ತಿದ್ದಳು. ಕುಂಟುವ ನಾಯಿಗೆ ಞಿಂಗ್‌ಜೆ. ಲಾರಿಯಲ್ಲಿ ಒತ್ತೊತ್ತಾಗಿ ನಿಂತ ಎಮ್ಮೆಗಳಿಗೆ ಞಿಂಗ್‌ಜೆ. ಚಹಾದಲ್ಲಿ ಬಿದ್ದ ನೊಣವನ್ನು ಬೆರಳಿನಿಂದೆತ್ತಿ, ಅದರ ರೆಕ್ಕೆ ಒಣಗುವವರೆಗೂ ಊದುತ್ತ ಕೂರುತ್ತಿದ್ದಳು. ಅಷ್ಟು ಹೊತ್ತು ನನ್ನನ್ನು ತೊಡೆಯ ಮೇಲೆ ಮಲಗಿಸಿರುತ್ತಿದ್ದಳು. ಒಂದು ನೊಣಕ್ಕೋಸ್ಕರ! ನಾನು ಸಹಿಸಿಕೊಂಡೆ. ನೊಣ ಹಾರಿಹೋಗುತ್ತದೆ, ಕೈ ನನ್ನ ಬಳಿಗೇ ಬರುತ್ತದೆ ಎಂಬ ಧೈರ್ಯವಿತ್ತು.

ಒಮ್ಮೆ ಗೊಂಪಾದಲ್ಲಿ ಗೆಶೆಯವರ ಪ್ರವಚನ ನಡೆಯಿತು. ಗೆಶೆ ಎಂದರೆ ಬಹಳ ಓದಿದ ಭಿಕ್ಷು. ಅವರು ಹೇಳಿದರು: ಹುಟ್ಟುಸಾವಿನ ಈ ಚಕ್ರಕ್ಕೆ ಮೊದಲೆಂಬುದಿಲ್ಲ. ಆದ್ದರಿಂದ ಯಾವ ಜೀವಿಯನ್ನೇ ನೋಡಿ, ಎಂದೋ ಒಂದು ಜನ್ಮದಲ್ಲಿ ಅದು ನಿಮ್ಮ ತಾಯಿಯಾಗಿತ್ತು, ನಿಮಗೆ ಹಾಲು ಕೊಟ್ಟಿತ್ತು. ಅದರ ನೋವು ನಿಮ್ಮ ತಾಯಿಯ ನೋವು. ಯುದ್ರೋನ್ ಕಣ್ಣೊರೆಸಿಕೊಂಡಳು. ನಾನೂ ಕರಗಿಹೋದೆ. ಆಗ ಹಿಂದೆ ಕೂತಿದ್ದ ಯಾರೋ, ಗಿಡಮರ ಕಲ್ಲುಗಳಿಗೂ ಹೀಗೆಯೇ ಮರುಗಬೇಕೇ ಎಂದು ಕೇಳಿದರು. ಗೆಶೆ ನಕ್ಕರು. “ಕಲ್ಲಿಗೆ ಮನಸ್ಸಿಲ್ಲ. ತಾಮ್ರಕ್ಕೆ ಮನಸ್ಸಿಲ್ಲ. ಮನಸ್ಸಿಲ್ಲದ್ದಕ್ಕೆ ನೋವಿಲ್ಲ. ನೋವಿಲ್ಲದ ಮೇಲೆ ಕರುಣೆ ಯಾತಕ್ಕೆ?”

ಅಲ್ಲ ಸ್ವಾಮಿ, ಅಷ್ಟೊಂದು ವಸ್ತುಗಳಿವೆ ಲೋಕದಲ್ಲಿ. ಕಬ್ಬಿಣ ಎನ್ನಬಹುದಿತ್ತು, ಹಿತ್ತಾಳೆ ಎನ್ನಬಹುದಿತ್ತು. ತಾಮ್ರವೇ ಬೇಕಿತ್ತೇ? ಸೊಳ್ಳೆಗೆ ಪಾಲಿದೆ, ತಿಗಣೆಗೆ ಪಾಲಿದೆ, ಹಗಲೆಲ್ಲ ತಿರುಗಿ ತಿರುಗಿ ಎಲ್ಲರಿಗೂ ಹಂಚುವ ನನಗೆ ಪಾಲಿಲ್ಲ. ಬಡಿಸುವವರಿಗೆ ಊಟವಿಲ್ಲ ಎಂದರೆ ಯಾರಿಗಾದರೂ ಉರಿಯುವುದಿಲ್ಲವೇ? ಆದರೂ ಅವಳ ಕೈ ನನ್ನದು, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಂಡೆ.

ಆ ಕೈಗೂ ಪಾಲುದಾರ ಬಂದ.

ಬುದ್ಧ ಪೂರ್ಣಿಮೆಯ ದಿನ. ಅವಳ ಜಡೆ ಆಗ ಪೂರ್ತಿ ನರೆತಿತ್ತು, ಸ್ವೆಟರ್ ವ್ಯಾಪಾರ ಬಿಟ್ಟಾಗಿತ್ತು. ಗೊಂಪಾದಿಂದ ಬರುವಾಗ ಚಹಾದಂಗಡಿಯ ಮುಂದೆ ಮಟನ್ ಅಂಗಡಿಯ ಕೆಂಪರಾಜು ಮೊಪೆಡ್ ನಿಲ್ಲಿಸಿಕೊಂಡಿದ್ದ. ಮೊಪೆಡ್ಡಿನ ಮುಂದೆ, ಅವನ ಕಾಲುಗಳ ನಡುವೆ, ಕಾಲು ಕಟ್ಟಿದ ಒಂದು ಟಗರುಮರಿ.

“ಎಲ್ಲಿಗೆ?” ಎಂದಳು ಯುದ್ರೋನ್.

“ಅಂಗಡಿಗೆ ಕನಮ್ಮ. ನಾಳೆ ಭಾನುವಾರ ಅಲ್ವಾ?”

“ಕುಯ್ಯಬೇಡ.”

“ಕುಯ್ದೆ ಮುತ್ತಿಕ್ಲಾ?”

“ಇದು ಒಂದು ಸಲ ನನ್ನ ಅಮ್ಮ ಆಗಿತ್ತು.”

ಕೆಂಪರಾಜು ಬಗ್ಗಿ ಮರಿಯ ಹಿಂಭಾಗ ನೋಡಿದ. “ಗಂಡು ಕನಮ್ಮ ಇದು!”

“ಈಗ ಗಂಡು. ಹಿಂದೆ ಅಮ್ಮ. ನಿನಗೂ ಅಮ್ಮ.”

“ನಮ್ಮವ್ವ ಅಟ್ಟೀಲಿ ಮುದ್ದೆ ತೊಳಸ್ತಾ ಅವ್ಳೆ ಕನಮ್ಮ, ಅವಳ ಕಿವಿಗೆ ಬಿದ್ದಾತು, ಮೆಲ್ಲಗೆ ಮಾತಾಡು” ಎಂದು ಅವನು ನಕ್ಕ. ಆದರೆ ಮರಿಯನ್ನು ಕೊಟ್ಟ. ಸಂತೆಯಲ್ಲಿ ಸಿಗುವುದಕ್ಕಿಂತ ಹೆಚ್ಚೇ ತೆಗೆದುಕೊಂಡು ಕೊಟ್ಟ.

ಹೀಗೆ ಕಡಿಯಲು ಹೊರಟ ಪ್ರಾಣಿಯನ್ನು ಬಿಡಿಸಿ ತರುವುದು ಅವರಲ್ಲಿ ದೊಡ್ಡ ಪುಣ್ಯದ ಕೆಲಸ. ಬಿಡಿಸಿದ ಪ್ರಾಣಿಯ ಕಿವಿಗೆ ಬಣ್ಣದ ದಾರ ಕಟ್ಟುತ್ತಾರೆ. ಇನ್ನು ಅದನ್ನು ಮಾರುವಂತಿಲ್ಲ, ಕೊಲ್ಲುವಂತಿಲ್ಲ. ತನ್ನ ಸಾವು ತಾನೇ ಸಾಯುವವರೆಗೂ ಸಾಕಬೇಕು. ಪ್ರಾಣ ಹೋಗುವ ಹೊತ್ತಿಗೆ ಕಿವಿಯಲ್ಲಿ ಮಂತ್ರ ಹೇಳಬೇಕು, ಮುಂದಿನ ಹುಟ್ಟು ಒಳ್ಳೆಯದಾಗಲೆಂದು. ಯುದ್ರೋನ್ ಬುದ್ಧನ ಮುಂದೆ ದೀಪ ಹಚ್ಚಿ ಇಷ್ಟಕ್ಕೂ ಮಾತು ಕೊಟ್ಟಳು. ಆಮೇಲೆ ಆ ಮರಿಗೆ ನೊರ್ಬು ಎಂದು ಹೆಸರಿಟ್ಟಳು. ನೊರ್ಬು ಎಂದರೆ ಏನು ಗೊತ್ತೇ? ಮಣಿ! ನನ್ನ ಹೊಟ್ಟೆಯಲ್ಲಿ ಸಾಲುಸಾಲಾಗಿ ಕೂತಿರುವ ಅದೇ ಮಣಿ. ನನಗೆ ಹೆಸರೇ ಇಟ್ಟಿರಲಿಲ್ಲ ಅವಳು.

ಕೆಂಪರಾಜು ಬುದ್ಧಿವಂತ. ಮುಂದಿನ ತಿಂಗಳು ಒಂದು ಮುದಿ ಮೇಕೆಯನ್ನು ತಂದು ನಮ್ಮ ಗೇಟಿಗೇ ಕಟ್ಟಿದ. “ಅಮ್ಮಾ, ಇವತ್ತು ಇದ್ನ ಕುಯ್ತಿನಿ ಕನಮ್ಮ” ಎಂದು ಕೂಗಿದ. ಅವಳು ಅದನ್ನೂ ಕೊಂಡು ಗೊಂಪಾದವರ ದೊಡ್ಡಿಗೆ ಕೊಟ್ಟಳು. ಆಮೇಲೆ ಇನ್ನೊಂದು ತಂದ, ಅದಾದ ಮೇಲೆ ಮತ್ತೊಂದು. ಕೊನೆಗೆ ಪೊರಕೆ ಹಿಡಿದು ಅವನನ್ನು ಓಡಿಸಿದವಳು ಪುಟ್ಟಮಾದಿ. ಪಕ್ಕದ ಹಳ್ಳಿಯಿಂದ ಮನೆಕೆಲಸಕ್ಕೆ ಬರುತ್ತಿದ್ದ ಹೆಂಗಸು, ಗಂಡನಿಲ್ಲದವಳು, ಬಾಯಿ ಜೋರು.

“ನೀವು ಇಂಗೆ ಕೊಳ್ತಾನೆ ಇದ್ರೆ ಅವ ಇಂಗೆ ತತ್ತಾನೆ ಇರ್ತಾನೆ ಕನವ್ವ. ನಿಮ್ಮ ಕರುಣೆ ಅವನಿಗೆ ಯಾಪಾರ ಆಗದೆ!” ಎಂದು ಯುದ್ರೋನ್‌ಗೆ ಗದರಿದಳು. ಪುಟ್ಟಮಾದಿಗೆ ಪ್ರಾಣಿದಯೆ ಏನೂ ಇರಲಿಲ್ಲ. ಬಾಡೂಟವೆಂದರೆ ಪ್ರಾಣ. ನೊರ್ಬು ಬೆಳೆದು ಮೈ ತುಂಬಿಕೊಂಡಂತೆ ಅವನ ಬೆನ್ನನ್ನು ಕೈಯಲ್ಲಿ ಹಿಚುಕಿ ನೋಡಿ, “ಎಂಥಾ ಮೈಯವ್ವ ಇವುಂದು! ನಮ್ಮೂರ ಮಾರಬ್ಬಕ್ಕೆ ಏಳ್ ಮಾಡ್ಸಿದಂಗವ್ನೆ” ಎಂದು ನಾಲಗೆ ಚಪ್ಪರಿಸುತ್ತಿದ್ದಳು. ಯುದ್ರೋನ್ ಸಿಟ್ಟಾಗದೆ ಅವಳ ಕಡೆಗೂ ನೋಡಿ “ಞಿಂಗ್‌ಜೆ” ಎನ್ನುತ್ತಿದ್ದಳು. ನನಗಂತೂ ಪುಟ್ಟಮಾದಿ ಆ ದಿನಗಳಲ್ಲಿ ಬಹಳ ಹಿಡಿಸಿದಳು.

ಆ ನೊರ್ಬುವಿನ ಠೀವಿಯನ್ನು ಏನೆಂದು ಹೇಳಲಿ! ಬಿಸಿಲಲ್ಲಿ ಮಲಗುವುದು, ಮೆಲುಕು ಹಾಕುವುದು, ಪಕ್ಕದವರ ಜೋಳಕ್ಕೆ ಬಾಯಿ ಹಾಕಿ ಬೈಸಿಕೊಂಡು ಬರುವುದು. ಇಷ್ಟೇ ಕೆಲಸ. ಗೊಂಪಾ ಸುತ್ತಲು ಹೊರಟರೆ ಯುದ್ರೋನ್‌ಳ ಬಲಗೈಯಲ್ಲಿ ನಾನು, ಎಡಗೈಯಲ್ಲಿ ಅವನ ಹಗ್ಗ. ಅವನು ಅತ್ತ ಎಳೆದರೆ ನನ್ನ ಸುತ್ತು ಇತ್ತ ತಪ್ಪುತ್ತಿತ್ತು. ಎದುರಿಗೆ ಬಂದವರೆಲ್ಲ “ಎಷ್ಟು ಚೆನ್ನಾಗಿದ್ದಾನೆ” ಎಂದು ಅವನ ತಲೆ ಸವರುವವರೇ. ಇಂಥ ಕೆತ್ತನೆಯ ತಾಮ್ರ ಪಕ್ಕದಲ್ಲೇ ತಿರುಗುತ್ತಿದೆ, ಯಾರೊಬ್ಬರ ಕಣ್ಣಿಗೂ ಬೀಳುವುದಿಲ್ಲ. ನಡುನಡುವೆ ಅವಳು ನನ್ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನಿಗೆ ಬಲ ಅಂಗೈ ಚಾಚುತ್ತಿದ್ದಳು. ಅವನು ಬೆವರಿನ ಉಪ್ಪು ನೆಕ್ಕುತ್ತಿದ್ದ. ನನ್ನ ಹಿಡಿ ತೇಯ್ದು ತೇಯ್ದು ಬೆವರು ಬರಿಸಿದ ಅಂಗೈ ಅದು. ದುಡಿಮೆ ನನ್ನದು, ರುಚಿ ಅವನಿಗೆ.

ಒಂದು ದಿನ ಅವನು ಆಟವಾಡುತ್ತ ತಲೆ ಬೀಸಿದ. ಕೊಂಬು ನೇರ ನನ್ನ ಹೊಟ್ಟೆಗೆ ಬಡಿಯಿತು. ಢಣ್ ಎಂದು ಕೆಳಗೆ ಬಿದ್ದೆ. ಪಕ್ಕೆಯಲ್ಲಿ ತಗ್ಗು ಬಿತ್ತು, ಉಬ್ಬಿಸಿದ್ದ ಒಂದು ಅಕ್ಷರವೇ ಅಪ್ಪಚ್ಚಿಯಾಯಿತು. ಯುದ್ರೋನ್ ಗಾಬರಿಯಿಂದ ಓಡಿಬಂದಳು. ಯಾರ ಹತ್ತಿರ? ಅವನ ಹತ್ತಿರ! ಕೊಂಬಿನ ಬುಡವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ “ಞಿಂಗ್‌ಜೆ, ಞಿಂಗ್‌ಜೆ, ನೋವಾಯಿತಾ?” ಎಂದಳು. ನನ್ನನ್ನು ಆಮೇಲೆ ಎತ್ತಿಕೊಂಡು, ತಿರುಗುತ್ತದೋ ಇಲ್ಲವೋ ನೋಡಿದಳು. ತಿರುಗಿದೆ. ಸರಿ ಎಂದುಕೊಂಡು ಮುಂದೆ ನಡೆದಳು. ಆವತ್ತು ನನ್ನ ಮೈಯೆಲ್ಲ ಉರಿದುಹೋಯಿತು.

ಅವನು ಹಾಳಾಗಿ ಹೋಗಲಿ ಎಂದು ನಾನು ದಿನಾ ಬಯಸುತ್ತಿದ್ದೆ. ಬಯಸುತ್ತ ಅವನ ಒಳಿತಿಗಾಗಿಯೇ ತಿರುಗುತ್ತಿದ್ದೆ. ಇದಕ್ಕಿಂತ ಕೆಟ್ಟ ನೌಕರಿ ಇನ್ನಾವುದಾದರೂ ಇದ್ದರೆ ಹೇಳಿ.

ಹೀಗೇ ನಡೆದಿರುವಾಗ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಯುದ್ರೋನ್ ಪಕ್ಕಕ್ಕೆ ವಾಲಿದಳು. ನಾನು ಅವಳ ಕೈಯಿಂದ ಜಾರಿದೆ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ವಾಪಸು ಬಂದಾಗ ಬಲಗೈ ಸೋತು ತೂಗುತ್ತಿತ್ತು, ಮಾತು ತೊದಲುತ್ತಿತ್ತು. ನನ್ನ ಕೈ, ನನ್ನದೇ ಕೈ, ಮಡಿಲಲ್ಲಿ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿತ್ತು. ಆ ನೋವನ್ನು ಹೇಳಲಾರೆ. ಮನಸ್ಸಿಲ್ಲದ್ದಕ್ಕೆ ನೋವಿಲ್ಲ ಎಂದ ಗೆಶೆಯವರು ಆಗ ನನ್ನೊಳಗೆ ಬಂದು ನೋಡಬೇಕಿತ್ತು.

ಉಳಿದದ್ದು ಎಡಗೈ ಒಂದೇ. ಮೊದಲ ದಿನ ಅವಳು ಎಡಗೈಯಲ್ಲಿ ನನ್ನನ್ನು ಎತ್ತಿಕೊಂಡಳು. ಅಭ್ಯಾಸವಿಲ್ಲದ ಕೈ, ನಾನು ತೊನೆದಾಡಿದೆ, ಆದರೂ ಪ್ರಾಣವಿಟ್ಟು ತಿರುಗಿದೆ. ಅಷ್ಟರಲ್ಲಿ ಹೊರಗೆ ಅವನು ಅರಚಿದ. ಹಗ್ಗ ಗೂಟಕ್ಕೆ ಸುತ್ತಿಕೊಂಡಿತ್ತು. ಯುದ್ರೋನ್ ನನ್ನನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ನನ್ನನ್ನು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿ, ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ಆ ಎಡಗೈ ಮತ್ತೆ ನನ್ನ ಕಡೆ ಬರಲಿಲ್ಲ. ಹಗ್ಗ ಹಿಡಿಯಿತು, ಹುಲ್ಲು ಹಾಕಿತು, ಅವನ ಕಿವಿಯ ಉಣ್ಣಿ ಕಿತ್ತಿತು. ನಾನು ಮೊಳೆಯಲ್ಲಿ ನೇತಾಡುತ್ತ ಎಲ್ಲವನ್ನೂ ನೋಡಿದೆ. ಮಂತ್ರವನ್ನು ಅವಳು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ನಾನಿಲ್ಲದೆಯೂ ಅವಳಿಗೆ ನಡೆಯುತ್ತಿತ್ತು.

ಕ್ಯಾಂಪಿನ ಹಿರಿಯರು ಬಂದು, ವೃದ್ಧಾಶ್ರಮದಲ್ಲಿ ಮಂಚ ಖಾಲಿ ಇದೆ ಬಾ ಎಂದು ಕರೆದರು. ಅಲ್ಲಿ ಬಿಸಿ ಊಟವಿತ್ತು, ನರ್ಸ್ ಇದ್ದಳು, ಟಗರಿಗೆ ಜಾಗವಿರಲಿಲ್ಲ. ಅವಳು ಹೋಗಲಿಲ್ಲ. ಊಟ ಸೇರುತ್ತಿರಲಿಲ್ಲ, ದಿನದಿನಕ್ಕೆ ಇಳಿದುಹೋಗುತ್ತಿದ್ದಳು. ಅವಳಿಗಿದ್ದದ್ದು ಒಂದೇ ಯೋಚನೆ. ತಾನು ಮೊದಲು ಹೋದರೆ ಇವನನ್ನು ಯಾರು ಕಾಯುತ್ತಾರೆ? ಬುದ್ಧನ ಮುಂದೆ ಕೊಟ್ಟ ಮಾತು ಏನಾಗುತ್ತದೆ? ಕಟ್ಟಕಡೆಗೆ ಒಂದು ಮಧ್ಯಾಹ್ನ ಪುಟ್ಟಮಾದಿಯನ್ನು ಹತ್ತಿರ ಕರೆದಳು. ಕರೆಯುವುದಕ್ಕೆ ಬೇರೆ ಯಾರೂ ಇರಲಿಲ್ಲ.

“ನೊರ್ಬು ನಿನಗೆ.”

“ನಂಗ್ಯಾಕವ್ವ?” ಪುಟ್ಟಮಾದಿ ಬೆಚ್ಚಿದಳು.

“ಕುಯ್ಯಬೇಡ. ಮಾರಬೇಡ. ತಾನೇ ಸಾಯಬೇಕು. ಸಾಯೋವಾಗ ಕಿವೀಲಿ ಮಣಿ ಹೇಳು.”

“ನಿಮ್ಮ ಮಂತ್ರ ನಂಗೆ ಬರಕಿಲ್ಲ ಕನವ್ವ.”

ಯುದ್ರೋನ್ ಎಡಗೈ ಎತ್ತಿ ನನ್ನ ಮೊಳೆಯ ಕಡೆ ತೋರಿಸಿದಳು. “ಅದೂ ತಗೋ. ಅವನಿಗೆ ತಿರುಗಿಸು. ಸಾಕು.”

ಕೇಳಿದಿರಲ್ಲ? ಇಡೀ ಆಯುಷ್ಯ ಅವಳ ಕೈಹಿಡಿದು ನಡೆದ ನನ್ನನ್ನು ಅವಳು ಕೊಟ್ಟದ್ದು ಹೀಗೆ, ಹಸುವಿನ ಜೊತೆ ಹಗ್ಗ ಕೊಟ್ಟ ಹಾಗೆ. ನನ್ನ ಬಗ್ಗೆ ಇನ್ನೊಂದು ಮಾತಿಲ್ಲ. ಪುಟ್ಟಮಾದಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ “ಆಗ್ಲಿ ಬುಡ್ರವ್ವ” ಎಂದಳು. ಹಿತ್ತಲಿಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತಿಕ್ಕಿದಳು.

ಯುದ್ರೋನ್ ಆ ವಾರವೇ ತೀರಿಕೊಂಡಳು. ಗೆಶೆಯವರು ಬಂದು ಕಿವಿಯಲ್ಲಿ ಮಂತ್ರ ಹೇಳಿದರು. ಹೊರಗೆ ಟಗರು ಅರಚುತ್ತಿತ್ತು, ಬಂದವರೆಲ್ಲ ಅದನ್ನು ಸಮಾಧಾನ ಮಾಡಿ ಒಳಗೆ ಬರುತ್ತಿದ್ದರು. ನಾನು ಮೊಳೆಯಲ್ಲಿ ಅಲುಗಾಡದೆ ಇದ್ದೆ. ಅಳುವವರನ್ನು ಮಾತ್ರ ಜನ ಸಮಾಧಾನ ಮಾಡುತ್ತಾರೆ.

ಪುಟ್ಟಮಾದಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು ತನ್ನ ಹಳ್ಳಿಗೆ ನಡೆದಳು. ಒಂದು ಕೋಣೆಯ ಮನೆ. ನನ್ನನ್ನು ಗೂಡಿನಲ್ಲಿ, ಮಾದಪ್ಪನ ಪಟದ ಪಕ್ಕದಲ್ಲಿ, ಬಾಚಣಿಗೆ ಮತ್ತು ಎಣ್ಣೆ ಶೀಷೆಯ ಜೊತೆಗಿಟ್ಟಳು. ನೊರ್ಬುವಿಗೆ ಹುಣಸೆಮರದ ನೆರಳು ಸಿಕ್ಕಿತು. ಅವಳ ನಾಲಗೆಗೆ ಅವನು ನೊರುಬಣ್ಣನಾದ.

ಮಾರಿಹಬ್ಬ ಬಂತು. ಆ ವರ್ಷ ಮರಿ ಕೊಡುವ ಸರದಿ ಅವರ ಮನೆತನದ್ದು. ಅವಳ ಅಣ್ಣ ರಾಚಯ್ಯ ಅಂಗಳಕ್ಕೆ ಬಂದು ಹಗ್ಗ ಬಿಚ್ಚತೊಡಗಿದ. ನಾನು ಗೂಡಿನಿಂದ ನೋಡುತ್ತಿದ್ದೆ. ಒಯ್ಯಲಿ ಎಂದುಕೊಂಡೆ, ಸುಳ್ಳೇಕೆ ಹೇಳಲಿ? ಪೀಡೆ ತೊಲಗಲಿ, ಒಂದು ದಿನವಾದರೂ ಈ ಲೋಕದಲ್ಲಿ ಅವನಿಲ್ಲದೆ ನಾನಿರಬೇಕು.

“ಬುಡಣ್ಣ ಅದ್ನ” ಎಂದಳು ಪುಟ್ಟಮಾದಿ.

“ಯಾಕಮ್ಮಿ? ನೀನೇ ತಾನೆ ಆವತ್ತಿಂದ ಇವನ ಬೆನ್ನು ಹಿಚುಕ್ತಾ ಇದ್ದೋಳು?”

“ಮಾತು ಕೊಟ್ಟಿವ್ನಿ.”

“ಸತ್ತೋದ ಮುದುಕಿಗೆ ಎಂತಾ ಮಾತು? ನೋಡಕ್ಕೆ ಬಂದಾಳಾ?”

ಪುಟ್ಟಮಾದಿ ಅವನಿಗೂ ಟಗರಿಗೂ ಮಧ್ಯೆ ಹೋಗಿ ನಿಂತಳು. “ಇವ ಆಯವ್ವನ ಅವ್ವ ಕನಣ್ಣ!” ಎಂದು ಕಿರುಚಿಬಿಟ್ಟಳು. “ಅವರವ್ವನ್ನ ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚವ್ಳೆ. ಯಾರವ್ವನಾದ್ರೂ ಆಗ್ಲಿ, ಅವ್ವನ್ನ ಕುಯ್ದಾರಾ?”

ರಾಚಯ್ಯ ತಂಗಿಯ ಮುಖ ನೋಡಿದ, ಟಗರಿನ ಮುಖ ನೋಡಿದ. “ನಿಂಗೆ ಆ ಕ್ಯಾಂಪಿನ ಗಾಳಿ ಬಡದದೆ” ಎಂದು ಹಗ್ಗ ಬಿಸಾಡಿದ. ಪುಟ್ಟಮಾದಿ ತನ್ನ ಹುಂಜವನ್ನು ಹಿಡಿದು ಅವನ ಕೈಗಿಟ್ಟಳು. ಹುಂಜ ಯಾರ ಅವ್ವನಾಗಿತ್ತೋ, ಅದನ್ನು ಆವತ್ತು ಯಾರೂ ಕೇಳಲಿಲ್ಲ. ನೊರ್ಬು ಉಳಿದ. ನಾನು ಮತ್ತೆ ಬಾಚಣಿಗೆಯ ಪಕ್ಕದಲ್ಲಿ ಕೂತು ಹಲ್ಲು ಕಡಿದೆ.

ಅವನು ಮುದುಕನಾದ. ಹಲ್ಲು ಉದುರಿದವು. ಪುಟ್ಟಮಾದಿ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ತಿನ್ನಿಸುತ್ತಿದ್ದಳು, ಬೈಯುತ್ತಲೇ ತಿನ್ನಿಸುತ್ತಿದ್ದಳು. ಬೇಸಿಗೆಯ ಒಂದು ಮಧ್ಯಾಹ್ನ ಅವನು ಹುಣಸೆಮರದಡಿ ಮಲಗಿದವನು ಏಳಲಿಲ್ಲ. ಉಸಿರು ಎಳೆದೆಳೆದು ಬಿಡುತ್ತಿದ್ದ. ಪುಟ್ಟಮಾದಿ ಒಳಗೆ ಓಡಿಬಂದು ಗೂಡಿಗೆ ಕೈ ಹಾಕಿದಳು. ಎಣ್ಣೆ ಶೀಷೆ ಉರುಳಿತು. ನನ್ನನ್ನು ಎತ್ತಿಕೊಂಡು ಹೋಗಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಿರುಗಿಸಿದಳು.

ತಪ್ಪು ಕಡೆಗೆ ತಿರುಗಿಸಿದಳು! ಎಡಕ್ಕೆ! ಸರಪಳಿ ಸಿಕ್ಕಿಕೊಂಡು ಗುಂಡು ನನ್ನ ಮೈಗೇ ಬಡಿಯಿತು. ಅಯ್ಯೋ, ಆ ಕಡೆ ಅಲ್ಲ ಎಂದು ನಾನು ಒದ್ದಾಡಿದೆ. ಅವಳು ಕೈ ನಿಲ್ಲಿಸಿದಳು. “ಅವ್ವ ಇಂಗಲ್ವಾ ತಿರುಗಿಸ್ತಿದ್ದುದ್ದು?” ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಕಣ್ಣು ಮುಚ್ಚಿ, ಯುದ್ರೋನ್‌ಳ ಕೈ ಓಡುತ್ತಿದ್ದ ರೀತಿಯನ್ನು ನೆನೆಸಿಕೊಂಡಳು. ಮತ್ತೆ ತಿರುಗಿಸಿದಳು, ಬಲಕ್ಕೆ. ಮಂತ್ರ ಬರುವುದಿಲ್ಲ ಎಂದಿದ್ದಳಲ್ಲ? ಅಷ್ಟು ವರ್ಷ ಪಾತ್ರೆ ತೊಳೆಯುತ್ತ ಕಸ ಗುಡಿಸುತ್ತ ಕೇಳಿದ್ದು ಎಲ್ಲಿ ಹೋಗುತ್ತದೆ? ಬಗ್ಗಿ ಅವನ ಕಿವಿಗೆ ಬಾಯಿಟ್ಟಳು. “ಓಂ ಮಣಿ ಪೇಮೆ ಹುಂ. ಓಂ ಮಣಿ ಪೇಮೆ ಹುಂ. ಓಗಪ್ಪ ನೊರುಬಣ್ಣ, ಒಳ್ಳೆ ಕಡೆ ಉಟ್ಕೋ ಓಗು. ಓಂ ಮಣಿ ಪೇಮೆ ಹುಂ.”

ಇವನು ತೊಲಗಲಿ ಎಂದು ಎಷ್ಟು ವರ್ಷದಿಂದ ಕಾದಿದ್ದೆ. ಈಗ ತೊಲಗುತ್ತಿದ್ದ, ಬೀಳ್ಕೊಡಬೇಕಾದದ್ದು ನಾನೇ. ತಿರುಗದೆ ಸಿಕ್ಕಿಕೊಂಡು ನಿಲ್ಲಬಹುದಿತ್ತು. ಹಳೆಯ ಚಕ್ರ, ತುಕ್ಕು ಹಿಡಿದ ಕಡ್ಡಿ, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಆದರೆ ಯುದ್ರೋನ್ ಬುದ್ಧನ ಮುಂದೆ ಕೊಟ್ಟ ಮಾತಿನಲ್ಲಿ ಇಷ್ಟೇ ಬಾಕಿ ಇತ್ತು. ಅವಳಿಗೋಸ್ಕರ ತಿರುಗಿದೆ. ಅವನ ಉಸಿರು ನಿಲ್ಲುವವರೆಗೂ ತಿರುಗಿದೆ, ನಿಂತ ಮೇಲೂ ಸ್ವಲ್ಪ ಹೊತ್ತು ತಿರುಗಿದೆ. ತನ್ನ ಸಾವನ್ನು ತಾನೇ ಸತ್ತ ಅವನು. ತೊಡೆ ಸಿಕ್ಕಿತು, ಮಂತ್ರ ಸಿಕ್ಕಿತು, ಕಣ್ಣೀರು ಸಿಕ್ಕಿತು. ಆ ಸಾವಿನ ಮೇಲೂ ನನಗೆ ಹೊಟ್ಟೆಕಿಚ್ಚೇ ಬಂತು, ಏನು ಮಾಡಲಿ?

ಮರದ ಬುಡದಲ್ಲೇ ಅವನನ್ನು ಹೂಳಿದರು. ಗುಂಡಿ ತೋಡಿದವನು ರಾಚಯ್ಯ. ಕೆಲಸ ಮುಗಿಸಿ ನನ್ನನ್ನು ಕೈಯಲ್ಲಿ ತೂಗಿ ನೋಡಿ, “ಒಳ್ಳೆ ತಾಮ್ರ ಕನಾ, ಗುಜರಿಯೋನಿಗೆ ಹಾಕು. ಇನ್ಯಾಕೆ ಇದು, ಟಗರೂ ಓಯ್ತು” ಎಂದ. ಪುಟ್ಟಮಾದಿ ಅವನ ಕೈಯಿಂದ ನನ್ನನ್ನು ಕಸಿದುಕೊಂಡಳು.

ಈಗ ನಾನು ಆ ಮನೆಯಲ್ಲೇ ಇದ್ದೇನೆ. ಹಿಡಿ ಸವೆದಿದೆ, ಮುಚ್ಚಳ ಸಡಿಲವಾಗಿದೆ, ತಿರುಗುವಾಗ ಕಿರ್ ಕಿರ್ ಎನ್ನುತ್ತೇನೆ. ಸಂಜೆ ಹೊತ್ತು ಕೆಲಸ ಮುಗಿಸಿ ಪುಟ್ಟಮಾದಿ ಜಗಲಿಯ ಮೇಲೆ ಕೂರುತ್ತಾಳೆ, ನನ್ನನ್ನು ಬಲಗೈಗೆ ತೆಗೆದುಕೊಳ್ಳುತ್ತಾಳೆ. ಯಾರೂ ಅವಳಿಗೆ ಹೀಗೆ ಮಾಡು ಎಂದಿಲ್ಲ. ಮಂತ್ರದ ನಡುನಡುವೆ ತನ್ನ ಮಾತು ಸೇರಿಸುತ್ತಾಳೆ. “ಅವ್ವಂಗೆ ಒಳ್ಳೇದಾಗ್ಲಿ. ನೊರುಬಣ್ಣ ಎಲ್ಲುಟ್ಟವ್ನೋ, ಅವನಿಗೆ ಒಳ್ಳೇದಾಗ್ಲಿ. ಮಾರಬ್ಬಕ್ಕೆ ಕೊಟ್ಟೆನಲ್ಲ, ಆ ಉಂಜಕ್ಕೆ ಒಳ್ಳೇದಾಗ್ಲಿ. ನಮ್ಮಣ್ಣನ ಮಂಡಿ ನೋವಿಗೆ ಒಳ್ಳೇದಾಗ್ಲಿ.” ಇಲ್ಲೂ ನೊರ್ಬು ನನಗಿಂತ ಮುಂದೆಯೇ. ಕೇಳಿಸಿಕೊಳ್ಳುತ್ತ ತಿರುಗುತ್ತೇನೆ.

ಮೊನ್ನೆ ಆ ಮಾತುಗಳೆಲ್ಲ ಮುಗಿದ ಮೇಲೆ ನನ್ನ ಕಿರ್ ಕಿರ್ ಅವಳ ಕಿವಿಗೆ ಬಿತ್ತು. ಕೈ ನಿಲ್ಲಿಸಿದಳು. ಒಳಗೆ ಹೋಗಿ ಹರಳೆಣ್ಣೆ ತಂದು ಕಡ್ಡಿಯ ಬುಡಕ್ಕೆ ಬಿಟ್ಟಳು. ನನ್ನ ಪಕ್ಕೆಯ ತಗ್ಗನ್ನು ಹೆಬ್ಬೆರಳಿನಿಂದ ಸವರಿದಳು. ಮತ್ತೆ ತಿರುಗಿಸುತ್ತ ಹೇಳಿದಳು:

“ಈ ತಿರುಗ್ತಾ ಅದಲ್ಲ, ಇದ್ಕೂ ಒಳ್ಳೇದಾಗ್ಲಿ. ಪಾಪ, ಎಲ್ಲಾರ್ಗೂ ಸುತ್ತಿ ಸುತ್ತಿ ಸಾಕಾಗೋಗದೆ.”

ಈಗ ದಿನಾ ಹೇಳುತ್ತಾಳೆ. ಹುಂಜ ಮುಗಿದು, ಮಂಡಿ ನೋವು ಮುಗಿದು, ಎಲ್ಲಕ್ಕಿಂತ ಕಡೆಗೆ. ವಸ್ತುಗಳಿಗೆ ಇದರಲ್ಲಿ ಪಾಲಿಲ್ಲವೆಂದು ಪುಟ್ಟಮಾದಿಗೆ ಇನ್ನೂ ಯಾರೂ ಹೇಳಿಲ್ಲ. ನೀವೂ ಹೇಳಬೇಡಿ.